‘ಸೂಪರ್ ಗುರೂ’ ಸಾಕಾಗಲ್ಲ



ನಮ್ಮ ಪುಣೆ ಕನ್ನಡಿಗರಲ್ಲಿ ಕಥೆ ಬರೆಯೋರಿಗೆ ಕೊರತೆ ಇಲ್ಲ. ಹಿಂಜೆವಾಡಿ ಟ್ರಾಫಿಕ್ಕಿನಲ್ಲಿ ಕ್ಯಾಬಿನಲ್ಲಿ ಕೂತು ಫೋನಿನಲ್ಲೇ ಅರ್ಧ ಕಾದಂಬರಿ ಬರೆದವರನ್ನು ನಾನು ಬಲ್ಲೆ. ಕೊರತೆ ಇರೋದು ಅದನ್ನು ಓದಿ ನೇರವಾಗಿ ಹೇಳೋರಿಗೆ. ಮಕ್ಕಳು ಕನ್ನಡ ಮಾತಾಡ್ತಾರೆ, ಓದಕ್ಕೆ ಬರಲ್ಲ. ಟೀಮಿನಲ್ಲಿ ನಮ್ಮವರು ಒಬ್ಬರೋ ಇಬ್ಬರೋ. ಕೊನೆಗೆ ವಾಟ್ಸಾಪ್ ಗುಂಪಿಗೆ ಹಾಕ್ತೀವಿ. ಇಪ್ಪತ್ತು ಪುಟ ಕಳಿಸಿದ ಎರಡನೇ ನಿಮಿಷಕ್ಕೆ ‘ಸೂಪರ್ ಗುರೂ’ ಬರುತ್ತೆ!

ಇಂಥ ಹೊತ್ತಲ್ಲಿ ನಾನು ಹಾರ್ಪರ್ ಲೀ ವಿಷಯ ಹೇಳ್ತೀನಿ. ಅಲಬಾಮಾದ ಚಿಕ್ಕ ಊರಿನವರು. ನ್ಯೂಯಾರ್ಕಿಗೆ ಬಂದು ವಿಮಾನ ಕಂಪನಿಯಲ್ಲಿ ಟಿಕೆಟ್ ಬುಕಿಂಗ್ ಕೆಲಸ ಮಾಡ್ತಿದ್ದರು. 1956ರ ಕ್ರಿಸ್‌ಮಸ್‌ಗೆ ಸ್ನೇಹಿತ ದಂಪತಿ ಒಂದು ವರ್ಷಕ್ಕೆ ಆಗೋಷ್ಟು ದುಡ್ಡು ಕೊಟ್ಟು, ಕೆಲಸ ಬಿಟ್ಟು ಬರೀರಿ ಅಂದರು. (ಅಂಥ ಸ್ನೇಹಿತರು ಯಾರಾದರೂ ಇದ್ದರೆ ನನಗೂ ಪರಿಚಯ ಮಾಡಿಸಿ.) ಮರುವರ್ಷ ಹಸ್ತಪ್ರತಿ ಲಿಪಿನ್‌ಕಾಟ್ ಪ್ರಕಾಶನಕ್ಕೆ ಹೋಯಿತು. ನ್ಯೂಯಾರ್ಕಿನಲ್ಲಿರೋ ಹುಡುಗಿ ಊರಿಗೆ ಹೋಗ್ತಾಳೆ, ಅಪ್ಪ ತಾನು ತಿಳಿದಂಥ ಮನುಷ್ಯ ಅಲ್ಲ ಅಂತ ಗೊತ್ತಾಗುತ್ತೆ. ಊರು ಬಿಟ್ಟ ನಾವೆಲ್ಲ ಮೊದಲು ಬರೆಯೋದೂ ಹೆಚ್ಚುಕಡಿಮೆ ಇದೇ, ಅಲ್ವಾ?

ಅಲ್ಲಿನ ಸಂಪಾದಕಿ ಟೇ ಹೊಹಾಫ್ ಅದನ್ನು ಹಾಗೇ ಅಚ್ಚಿಗೂ ಕಳಿಸಲಿಲ್ಲ, ಕೈಯೂ ಬಿಡಲಿಲ್ಲ. ಪ್ರಸಂಗಗಳಿವೆ, ಕಾದಂಬರಿ ಇನ್ನೂ ಆಗಿಲ್ಲ ಅನ್ನೋದು ಅವರ ಅಭಿಪ್ರಾಯ. ಆದರೆ ನಡುನಡುವೆ ಬರೋ ಬಾಲ್ಯದ ನೆನಪುಗಳು ಅವರನ್ನು ಹಿಡಿದವು. ಆ ಪುಟ್ಟ ಹುಡುಗಿಯ ಕಣ್ಣಿನಿಂದಲೇ ಬರೀರಿ ಅಂದರು. ಎರಡು ವರ್ಷಕ್ಕೂ ಹೆಚ್ಚು ಕಾಲ ತಿದ್ದಿ, ಮತ್ತೆ ತಿದ್ದಿ, 1960ರಲ್ಲಿ ‘ಟು ಕಿಲ್ ಎ ಮಾಕಿಂಗ್‌ಬರ್ಡ್’ ಬಂತು. ಮರುವರ್ಷ ಪುಲಿಟ್ಜರ್. ಆ ಮೊದಲ ಹಸ್ತಪ್ರತಿಯೂ ‘ಗೋ ಸೆಟ್ ಎ ವಾಚ್‌ಮನ್’ ಅಂತ 2015ರಲ್ಲಿ ಅಚ್ಚಾಗಿದೆ. ಎರಡನ್ನೂ ಪಕ್ಕಪಕ್ಕ ಇಟ್ಟು ಓದಿ. ಯಾವ ರೈಟಿಂಗ್ ಕೋರ್ಸಿಗಿಂತಲೂ ಅಗ್ಗ.

ಬರೆದದ್ದು ಲೀ ಅವರೇ. ಜೀವ ಎಲ್ಲಿದೆ ಅಂತ ಬೆರಳಿಟ್ಟು ತೋರಿಸಿದ್ದು ಹೊಹಾಫ್. ಅದಕ್ಕೆ ರಾಶಿ ಹಸ್ತಪ್ರತಿ ಓದಿ ಪಳಗಿದ ಕಣ್ಣು ಬೇಕು. ಕೋಡ್ ರಿವ್ಯೂನಲ್ಲಿ ಸ್ಪೇಸ್ ಸರಿ ಮಾಡಿ ಅನ್ನೋರು ಬೇರೆ, ಈ ಮಾಡ್ಯೂಲೇ ಬೇಡ ಅನ್ನೋ ಸೀನಿಯರ್ ಬೇರೆ.

ನಮ್ಮಲ್ಲೂ ಅಂಥ ಜಾಗ ಇತ್ತು. ಧಾರವಾಡದ ಮನೋಹರ ಗ್ರಂಥಮಾಲೆಯ ಅಟ್ಟ. ಜಿ.ಬಿ. ಜೋಶಿ, ಕೀರ್ತಿನಾಥ ಕುರ್ತಕೋಟಿ ಅಂಥವರ ಜಾಗ ಅದು. ಇಪ್ಪತ್ತಮೂರರ ಗಿರೀಶ ಕಾರ್ನಾಡರ ‘ಯಯಾತಿ’ಯನ್ನು 1961ರಲ್ಲಿ ಪ್ರಕಟಿಸಿದ್ದು ಅವರೇ. ಇವತ್ತು ಪ್ಯಾಕೇಜ್ ದುಡ್ಡು ತಗೊಂಡು ಪುಸ್ತಕ ಮಾಡಿಕೊಡೋ ಎಷ್ಟೋ ಕಡೆ ಎಡಿಟಿಂಗ್ ಅಂದರೆ ಕಾಗುಣಿತ ನೋಡೋದು, ಅಷ್ಟೇ. ಹತ್ತು ವರ್ಷದ ನಿಮ್ಮ ಶನಿವಾರ-ಭಾನುವಾರಗಳು ಹಾಗೇ ಅಚ್ಚಾಗಿ, ಡಬ್ಬಿ ಕಟ್ಟಿ ಮಂಚದ ಕೆಳಗೆ ಸೇರೋದು ನೋಡಿದರೆ ಹೊಟ್ಟೆ ಉರಿಯುತ್ತೆ.

ಅದಕ್ಕೇ, ಕವರ್ ಡಿಸೈನಿಗೆ ಇಟ್ಟಿರೋ ದುಡ್ಡಿನಲ್ಲಿ ಅರ್ಧ ತೆಗೆದು ಅನುಭವಿ ಸಂಪಾದಕರೊಬ್ಬರಿಗೆ ಕೊಡಿ. ಸ್ನೇಹಿತರಿಗೆ ಕೊಟ್ಟರೆ ‘ಹೇಗಿದೆ’ ಅಂತ ಕೇಳಬೇಡಿ, ಪಾಪ, ಚೆನ್ನಾಗಿದೆ ಅನ್ನದೆ ಅವರಿಗೆ ಬೇರೆ ದಾರಿ ಇರಲ್ಲ. ಎಷ್ಟನೇ ಪುಟದಲ್ಲಿ ಓದೋದು ನಿಲ್ಲಿಸಿ ಫೋನ್ ನೋಡಿದಿರಿ ಅಂತ ಕೇಳಿ. ಆ ಪುಟದ ನಂಬರ್ ಬರೆದಿಟ್ಟುಕೊಳ್ಳಿ. ಮೂರು ಜನ ಒಂದೇ ನಂಬರ್ ಹೇಳಿದರೆ, ಅವತ್ತು ರಾತ್ರಿ ಅಲ್ಲಿಂದಲೇ ಶುರು ಮಾಡಿ.