ಶಾಫ್ಟ್ ಎಲ್ಲಿ ಹೋಗ್ತದೆ?

ಅಧ್ಯಕ್ಷರು ಸ್ವಾಗತದಲ್ಲಿ ಮಿನಿವ್ಯಾನಿನ ಜನಕ ಲೀ ಅಯಕೋಕಾ ಅಂದರು. ಕ್ಷಮೆಯಿರಲಿ, ನಾನು ಜಗಳ ಅಲ್ಲಿಂದಲೇ ಶುರು ಮಾಡಬೇಕು. ಅಯಕೋಕಾ ಆತ್ಮಕತೆಯನ್ನು ಕೈಯಿಂದ ಕೈಗೆ ದಾಟಿಸಿ ಓದಿದ ತಲೆಮಾರು ನಮ್ಮದು. ಆ ಹೆಸರೇ ನಾಲಿಗೆಗೆ ಬರುತ್ತದೆ. ಆದರೆ ಈ ಗಾಡಿಗಾಗಿ ಹಟ ಹಿಡಿದವನು ಹಾಲ್ ಸ್ಪರ್ಲಿಕ್. ಫೋರ್ಡ್ ಕಂಪನಿಯಲ್ಲಿ ಅವನ ‘ಮಿನಿ ಮ್ಯಾಕ್ಸ್’ ಯೋಜನೆಗೆ ಎರಡನೆಯ ಹೆನ್ರಿ ಫೋರ್ಡ್ ಒಪ್ಪಲಿಲ್ಲ. ಆಮೇಲೆ ಸ್ಪರ್ಲಿಕ್‌ನ ಕೆಲಸವೂ ಹೋಯಿತು, ಕ್ರೈಸ್ಲರ್ ಸೇರಿದ. 1978ರಲ್ಲಿ ಅಯಕೋಕಾನೂ ಫೋರ್ಡಿನಿಂದ ಹೊರಬಿದ್ದು ಅಲ್ಲಿಗೇ ಬಂದ. ಸರ್ಕಾರ ಜಾಮೀನು ನಿಂತ ಸಾಲದಲ್ಲಿ ಉಸಿರು ಹಿಡಿದಿದ್ದ ಕ್ರೈಸ್ಲರ್, 1983ರ ನವೆಂಬರಿನಲ್ಲಿ ಕೆನಡಾದ ವಿಂಡ್ಸರ್ ಕಾರ್ಖಾನೆಯಿಂದ ಡಾಡ್ಜ್ ಕ್ಯಾರವಾನ್, ಪ್ಲಿಮತ್ ವಾಯೇಜರ್ ಹೊರತಂದಿತು. ಚರಿತ್ರೆ ಇಷ್ಟು ಸಾಕು.

ನಮಗೆ ಆಟೊಮೊಬೈಲ್ ಪಾಠ ಮಾಡಿದ ಮೇಷ್ಟ್ರು, ಪಂಚೆ ಉಟ್ಟಿದ್ದರೂ ಸರಿ, ಹೊಸ ಗಾಡಿ ಕಂಡರೆ ಬಗ್ಗಿ ಹೊಟ್ಟೆಯಡಿ ಇಣುಕುತ್ತಿದ್ದರು. “ಶಾಫ್ಟ್ ಎಲ್ಲಿ ಹೋಗ್ತದೆ ನೋಡ್ರಯ್ಯಾ, ಸೀಟು ಗೀಟು ಆಮೇಲೆ.” ಅಮೆರಿಕದ ಹಳೆಯ ವ್ಯಾನುಗಳಲ್ಲಿ ಎಂಜಿನ್ ಮುಂದೆ, ದೂಡುವ ಚಕ್ರ ಹಿಂದೆ, ನಡುವೆ ಉದ್ದದ ಶಾಫ್ಟ್. ನೆಲ ಅದರ ಮೇಲೆ. ಲಾರಿ ಹತ್ತಿದ ಹಾಗೆ ಹತ್ತಬೇಕು. ಮನೆಯ ಗ್ಯಾರೇಜಿನ ಬಾಗಿಲಿಗೆ ತಲೆ ತಾಗುತ್ತದೆ. ಕ್ರೈಸ್ಲರ್ ತನ್ನ ಕೆ-ಕಾರಿನ ಜಾಡು ಹಿಡಿದು ಎಂಜಿನ್ನನ್ನು ಅಡ್ಡ ಕೂರಿಸಿ, ಮುಂದಿನ ಚಕ್ರಗಳಿಗೇ ಕೆಲಸ ಕೊಟ್ಟಿತು. ಶಾಫ್ಟ್ ಹೋಯಿತು, ನೆಲ ಇಳಿಯಿತು, ಗಾಡಿ ಗ್ಯಾರೇಜಿನೊಳಗೆ ನುಗ್ಗಿತು. ಆ ಇಳಿದ ನೆಲವೇ ಮಿನಿವ್ಯಾನ್ ಎಂದು ನಾನು ಮೂವತ್ತು ವರ್ಷ ವಾದ ಮಾಡಿದ್ದೇನೆ. 1950ರ ವೋಕ್ಸ್‌ವ್ಯಾಗನ್ ಬಸ್ಸೇ ಮೊದಲು ಅನ್ನುವವರ ಬಾಯಿಯನ್ನೂ ಮುಚ್ಚಿಸಿದ್ದೇನೆ: ಅದರ ಎಂಜಿನ್ ಹಿಂದೆ, ಅಲ್ಲಿ ನೆಲ ಉಬ್ಬಿಕೊಂಡಿದೆ!

ತೊಂದರೆ ಕೊಡುವುದು ಇನ್ನೊಂದು ಜರ್ಮನ್ ಗಾಡಿ, 1949ರ ಡಿಕೆಡಬ್ಲ್ಯೂ ಶ್ನೆಲ್‌ಲಾಸ್ಟರ್. ಮುಂದೆ ಅಡ್ಡ ಎಂಜಿನ್, ಮುಂದಿನ ಚಕ್ರದ ಚಾಲನೆ, ಹಿಂದೆಲ್ಲ ಸಪಾಟು ನೆಲ. ನನ್ನ ಲೆಕ್ಕದಂತೆ ಮೊದಲ ಮಿನಿವ್ಯಾನ್ ಎಂಬ ಪಟ್ಟ ಅದಕ್ಕೇ ಸಲ್ಲಬೇಕು. ಸಾಮಾನು ಸಾಗಿಸಲು ಹುಟ್ಟಿದ್ದು ಅಂತ ತಳ್ಳಿಹಾಕಲೇ? ಹಾಗಂದರೆ ಸೀಟು ಆಮೇಲೆ ಅಂದ ಮೇಷ್ಟ್ರ ಮಾತನ್ನು ನಾನೇ ಮುರಿದಂತಾಯಿತಲ್ಲ? ಇನ್ನು ನಮ್ಮ ಬಿಡದಿಯ ಕ್ವಾಲಿಸ್, ಹಳೆಯ ಇನೋವಾ. ಎರಡಕ್ಕೂ ಅಡಿಯಲ್ಲಿ ಶಾಫ್ಟ್ ಇತ್ತು, 2022ರ ಇನೋವಾ ಹೈಕ್ರಾಸ್‌ನಲ್ಲಷ್ಟೇ ಅದು ಹೋಯಿತು. ಹಾಗಾದರೆ ಅಷ್ಟು ವರ್ಷ ಅಜ್ಜಿಯ ಕೈ ಹಿಡಿದು ಹತ್ತಿಸಿ, ಮನೆಮಂದಿಯೆಲ್ಲ ಧರ್ಮಸ್ಥಳಕ್ಕೆ ಹೋಗಿಬಂದದ್ದು ಯಾವ ಗಾಡಿಯಲ್ಲಿ?