ಮೊದಲು ಒಳಗೆ ಹೋಗುವವರು ಬೇಕಾಗಿದ್ದಾರೆ

ಲಂಡನ್ನಿನ ಹದಿನೈದು ವರ್ಷದ ಹುಡುಗ. ಅಪ್ಪ ಮನೆಮನೆಗೆ ಗ್ಯಾಸ್ ಪೈಪ್ ಕೂರಿಸುವ ಕೆಲಸಗಾರ. ಮುಂದಿನ ಓದನ್ನೇ ನಿರ್ಧರಿಸುವ, ಹನ್ನೊಂದನೇ ವಯಸ್ಸಿನಲ್ಲಿ ಬರೆಯಬೇಕಾದ ಪರೀಕ್ಷೆಯಲ್ಲಿ ಹುಡುಗ ಪಾಸಾಗಿರಲಿಲ್ಲ. ಶಾಲೆ ಬಿಡುವ ಹೊತ್ತಿಗೆ ಮುಂದೇನು ಮಾಡುತ್ತೀಯಪ್ಪ ಎಂದು ಕೇಳಿದವರಿಗೆ ವಿಜ್ಞಾನಿಯಾಗುತ್ತೇನೆ ಅಂದ. ನಿನ್ನ ಓದಿಗೆ ಅದೆಲ್ಲ ಆಗುವ ಮಾತಲ್ಲ ಎಂಬ ಉತ್ತರ ಬಂತು. ಹುಡುಗ ಮುದ್ರಣಾಲಯದಲ್ಲಿ ಸಹಾಯಕನ ಕೆಲಸಕ್ಕೆ ಸೇರಿಕೊಂಡ.

ಅವರೇ ಪೀಟರ್ ಮ್ಯಾನ್ಸ್‌ಫೀಲ್ಡ್. ಎಂಆರ್‌ಐ ತಂತ್ರಕ್ಕಾಗಿ 2003ರಲ್ಲಿ ಅಮೆರಿಕದ ಪಾಲ್ ಲಾಟರ್‌ಬರ್ ಜೊತೆ ನೊಬೆಲ್ ಹಂಚಿಕೊಂಡವರು. ಕತೆಯನ್ನು ಇಲ್ಲಿಗೇ ನಿಲ್ಲಿಸಿದರೆ ಬೆಳಬೆಳಗ್ಗೆ ವಾಟ್ಸ್ಯಾಪಿಗೆ ಬಂದು ಬೀಳುವ ಗುಡ್ ಮಾರ್ನಿಂಗ್ ಸಂದೇಶವಾದೀತು. ನಡುವಿನ ವರ್ಷಗಳನ್ನು ಆ ಸಂದೇಶಗಳು ನುಂಗಿಹಾಕುತ್ತವೆ. ಹದಿನೆಂಟಕ್ಕೆ ವೆಸ್ಟ್‌ಕಾಟ್ ಎಂಬಲ್ಲಿ ಸರ್ಕಾರಿ ರಾಕೆಟ್ ವಿಭಾಗದಲ್ಲಿ ಸಣ್ಣ ಕೆಲಸ, ಆಮೇಲೆ ಕಡ್ಡಾಯ ಸೇನಾ ಸೇವೆ, ಮತ್ತೆ ಅದೇ ಕೆಲಸ, ಅದರ ಜೊತೆಜೊತೆಗೇ ನಮ್ಮ ಪಿಯುಸಿಗೆ ಸಮನಾದ ಪರೀಕ್ಷೆಯ ಓದು. ಕ್ವೀನ್ ಮೇರಿ ಕಾಲೇಜಿನಿಂದ ಪದವಿ ಕೈಗೆ ಬಂದದ್ದು 1959ರಲ್ಲಿ, ಇಪ್ಪತ್ತೈದರ ವಯಸ್ಸಿಗೆ. ನಮ್ಮಲ್ಲಾದರೆ ಅಷ್ಟು ಹೊತ್ತಿಗೆ ಮದುವೆಮನೆಗಳಲ್ಲಿ ‘ಇನ್ನೂ ಓದ್ತಾನೇ ಇದೀಯಾ?’ ಅಂತ ಎಷ್ಟು ಜನ ಕೇಳಿರುತ್ತಿದ್ದರೋ! 1962ಕ್ಕೆ ಪಿಎಚ್‌.ಡಿ. ಆಯಿತು, 1964ಕ್ಕೆ ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲಿ ಮೇಷ್ಟರಾದರು.

ಆದರೆ ನಿಮ್ಮ ಮುಂದೆ ಅವರನ್ನು ತಂದು ನಿಲ್ಲಿಸುತ್ತಿರುವುದು ಬೇರೆ ಕಾರಣಕ್ಕೆ. ವೈದ್ಯಕೀಯ ಚಿತ್ರಣದ ಸಂಶೋಧನಾ ಕೇಂದ್ರವೊಂದನ್ನು ಮುನ್ನಡೆಸುವುದೆಂದರೆ ಏನು ಎಂಬುದು ಅವರ ಕೆಲಸದಲ್ಲಿ ಕಾಣುತ್ತದೆ.

ಮೊದಲನೆಯದಾಗಿ, ಅವರ ಗುರಿ ಮನುಷ್ಯನ ದೇಹ ಆಗಿರಲೇ ಇಲ್ಲ. ಹರಳುಗಳೊಳಗೆ ಪರಮಾಣುಗಳ ಜೋಡಣೆ ನೋಡಲು ನ್ಯೂಕ್ಲಿಯರ್ ಮ್ಯಾಗ್ನೆಟಿಕ್ ರೆಸೊನೆನ್ಸ್ (ಕಾಂತಕ್ಷೇತ್ರದಲ್ಲಿಟ್ಟ ಪರಮಾಣು ಬೀಜಗಳಿಂದ ಸಂಕೇತ ಹಿಡಿಯುವ ವಿದ್ಯೆ, ಎಂಆರ್‌ಐಗೆ ಇದೇ ತಳಹದಿ) ಬಳಸಬಹುದೇ ಎಂದು ಸಹೋದ್ಯೋಗಿಗಳ ಜೊತೆ ತಲೆ ಕೆಡಿಸಿಕೊಂಡಿದ್ದರು. 1973ರಲ್ಲಿ ಪೋಲೆಂಡಿನ ಕ್ರಾಕೋವ್ ನಗರದ ಸಮ್ಮೇಳನದಲ್ಲಿ ಅದನ್ನು ಮಂಡಿಸಿದಾಗ ಸಭಿಕರೊಬ್ಬರು ಎದ್ದು, ಲಾಟರ್‌ಬರ್ ಅವರ ಕೆಲಸ ಗೊತ್ತೇ ಎಂದು ಕೇಳಿದರು. ಗೊತ್ತಿರಲಿಲ್ಲ. ಲಾಟರ್‌ಬರ್ ಆಗಲೇ ನೀರು ತುಂಬಿದ ಎರಡು ಸಣ್ಣ ನಳಿಗೆಗಳ ಚಿತ್ರ ತೆಗೆದು, ಮೊದಲು ತಿರಸ್ಕರಿಸಿದ್ದ ‘ನೇಚರ್’ ಪತ್ರಿಕೆಯಲ್ಲೇ ಅದನ್ನು ಅಚ್ಚು ಹಾಕಿಸಿದ್ದರು. ತುಂಬಿದ ಸಭೆಯಲ್ಲಿ ಇಂಥ ಪ್ರಶ್ನೆ ಎದುರಾದರೆ ಅನೇಕರು ಊರಿಗೆ ಬಂದು ವಿಷಯವನ್ನೇ ಬದಲಿಸುತ್ತಾರೆ. ಮ್ಯಾನ್ಸ್‌ಫೀಲ್ಡ್ ತಂಡ ಹರಳು ಬಿಟ್ಟು ಜೀವಂತ ದೇಹದ ಕಡೆ ತಿರುಗಿತು. ಅದೂ ಎಂಥ ಜಾಗದಲ್ಲಿ! ನಾಟಿಂಗ್‌ಹ್ಯಾಮಿನ ಅದೇ ಭೌತಶಾಸ್ತ್ರ ವಿಭಾಗದಲ್ಲಿ ರೇಮಂಡ್ ಆಂಡ್ರೂ ಮತ್ತು ಬಿಲ್ ಮೂರ್ ಅವರ ಇನ್ನೆರಡು ತಂಡಗಳು ಇದೇ ಗುರಿಯ ಬೆನ್ನು ಹತ್ತಿದ್ದವು.

1977ರಲ್ಲಿ ಅಚ್ಚಾದ ಚಿತ್ರ ಒಂದು ಬೆರಳಿನದು. ಬೆರಳು ಅವರ ವಿದ್ಯಾರ್ಥಿ ಆಂಡ್ರ್ಯೂ ಮಾಡ್ಸ್‌ಲೀ ಅವರದು. ಮರುವರ್ಷ ಇಡೀ ದೇಹ ಹಿಡಿಸುವ ಯಂತ್ರ ಸಿದ್ಧವಾಯಿತು. ಆಗ ಅಮೆರಿಕದಿಂದ ಎಚ್ಚರಿಕೆಯ ಮಾತೊಂದು ಬಂತು: ಕಾಂತಕ್ಷೇತ್ರವನ್ನು ಅಷ್ಟು ವೇಗವಾಗಿ ಬದಲಿಸಿದರೆ ಒಳಗಿರುವವರ ಹೃದಯಕ್ಕೆ ಅಪಾಯವಾಗಬಹುದು. ಮ್ಯಾನ್ಸ್‌ಫೀಲ್ಡ್ ಕೂತು ಲೆಕ್ಕ ಹಾಕಿದರು. ಲೆಕ್ಕದ ಪ್ರಕಾರ ತೊಂದರೆ ಇಲ್ಲ. ಹಾಗಾದರೆ ಒಳಗೆ ಹೋಗುವವರು ಯಾರು? ವಿದ್ಯಾರ್ಥಿಯನ್ನು ಕಳಿಸಲಿಲ್ಲ, ದುಡ್ಡು ಕೊಟ್ಟು ಯಾರನ್ನೋ ಕರೆಸಲಿಲ್ಲ. ತಾವೇ ಹೋದರು. 1978ರ ಆ ಚಿತ್ರದಲ್ಲಿರುವುದು ಅವರದೇ ಹೊಟ್ಟೆ. (ಇದನ್ನು ಓದಿ ಯಾರೂ ನಿಮ್ಮ ಲ್ಯಾಬಿನ ಯಂತ್ರದೊಳಗೆ ಹಾರಬೇಡಿ. ಇವತ್ತು ಅದಕ್ಕೆ ನೈತಿಕ ಸಮಿತಿಯ ಒಪ್ಪಿಗೆ ಬೇಕು, ಬೇಕೇ ಬೇಕು.) ಕುರ್ಚಿಯ ಮೇಲೆ ಕೂತವರು ತಮ್ಮ ಲೆಕ್ಕಕ್ಕೆ ತಮ್ಮ ಮೈಯನ್ನೇ ಒಡ್ಡಿದರು ಎಂಬುದನ್ನು ಮಾತ್ರ ಮನಸ್ಸಿನಲ್ಲಿಟ್ಟುಕೊಳ್ಳಿ. ಆಮೇಲೆ ಆ ತಂಡದ ಹುಡುಗರಿಗೆ ಧೈರ್ಯದ ಭಾಷಣ ಬೇಕಾಗಿರಲಾರದು.

ಎಂಆರ್‌ಐ ಮಾಡಿಸಿಕೊಂಡವರಿಗೆಲ್ಲ ಆ ಟಕಟಕ, ಡಬಡಬ ಸದ್ದು ಗೊತ್ತು. ಎಲ್ಲಿಂದ ಬರುತ್ತದೆ ಅದು? ಎಸ್‌ಎಸ್‌ಎಲ್‌ಸಿಯಲ್ಲಿ ಎರಡು ಅಂಕಕ್ಕೆಂದು ಬಾಯಿಪಾಠ ಮಾಡಿದ ಫ್ಲೆಮಿಂಗನ ಎಡಗೈ ನಿಯಮ ನೆನಪಿಸಿಕೊಳ್ಳಿ. ಕಾಂತಕ್ಷೇತ್ರದಲ್ಲಿ ವಿದ್ಯುತ್ ಹರಿಯುವ ತಂತಿಯ ಮೇಲೆ ಬಲ ಬೀಳುತ್ತದೆ. ಆಸ್ಪತ್ರೆಯ 1.5 ಟೆಸ್ಲಾ ಯಂತ್ರದ ಕ್ಷೇತ್ರ ಭೂಮಿಯ ಕಾಂತಕ್ಷೇತ್ರದ ಸುಮಾರು 30,000 ಪಟ್ಟು. ಅದರೊಳಗೆ ಕೂರಿಸಿದ ಸುರುಳಿಗಳಲ್ಲಿ ವಿದ್ಯುತ್ ಅತ್ತಿಂದಿತ್ತ ತಿರುಗಿದಾಗಲೆಲ್ಲ ಸುರುಳಿಗೆ ಒದೆ ಬೀಳುತ್ತದೆ. ಆ ಒದೆಯೇ ಸದ್ದು. 1977ರಲ್ಲಿ ಮ್ಯಾನ್ಸ್‌ಫೀಲ್ಡ್ ರೂಪಿಸಿದ ಎಕೋ ಪ್ಲೇನಾರ್ ವಿಧಾನ ಈ ತಿರುಗಾಟವನ್ನು ಎಷ್ಟು ಚುರುಕುಗೊಳಿಸಿತೆಂದರೆ ದೇಹದ ಒಂದು ಅಡ್ಡಸೀಳಿನ ಪೂರ್ತಿ ಚಿತ್ರ ಸೆಕೆಂಡಿನ ಸಣ್ಣ ಪಾಲಿನಲ್ಲಿ ಸಿಗುವಂತಾಯಿತು. ಪಾರ್ಶ್ವವಾಯು ಬಡಿದವರ ಮಿದುಳಿನಲ್ಲಿ ರಕ್ತ ನಿಂತ ಜಾಗ ಹುಡುಕಲು, ಮಿದುಳು ಕೆಲಸ ಮಾಡುವುದನ್ನು ನೋಡಲು ಇವತ್ತಿಗೂ ಇದೇ ಆಧಾರ. ಸದ್ದು ಹೆಚ್ಚಿಸಿದವರೂ ಅವರೇ. 1994ರಲ್ಲಿ ನಿವೃತ್ತರಾದ ಮೇಲೆ ಅದನ್ನು ತಗ್ಗಿಸುವ ಕೆಲಸಕ್ಕೆ ಕೂತವರೂ ಅವರೇ!

ನಾಟಿಂಗ್‌ಹ್ಯಾಮಿನ ಕೇಂದ್ರ 1991ರಲ್ಲಿ ಸ್ವಂತ ಕಟ್ಟಡ ಕಂಡಿತು, ಈಗ ಅವರ ಹೆಸರನ್ನೇ ಹೊತ್ತಿದೆ. ಕಿರಿಯ ಸಹೋದ್ಯೋಗಿ ಪೀಟರ್ ಮಾರಿಸ್ ಜೊತೆ ಸೇರಿ ಮ್ಯಾನ್ಸ್‌ಫೀಲ್ಡ್ 1982ರಲ್ಲೇ ಪುಸ್ತಕ ಬರೆದಿದ್ದರು. ಮುಂದೆ ಕೇಂದ್ರದ ಹೊಣೆ ಹೊತ್ತವರು ಅದೇ ಮಾರಿಸ್. ತಮ್ಮ ನಂತರದವರನ್ನು ಹೀಗೆ ಮೊದಲೇ ಹೆಸರಿಟ್ಟು ಮುಂದೆ ನಿಲ್ಲಿಸುವುದು ನಮ್ಮ ಎಷ್ಟೋ ವಿಭಾಗಗಳು ಇನ್ನೂ ಕಲಿಯಬೇಕಾದ ಪಾಠ. 2018ರಲ್ಲಿ ಇದೇ ಕೇಂದ್ರದವರು ಲಂಡನ್ ತಂಡದೊಂದಿಗೆ ಸೇರಿ, ತಲೆಗೆ ಹಾಕಿಕೊಂಡು ಅಲ್ಲಾಡುತ್ತಿದ್ದರೂ ಮಿದುಳಿನ ಕಾಂತಸಂಕೇತ ಅಳೆಯುವ ಶಿರಸ್ತ್ರಾಣವನ್ನು ತೋರಿಸಿದರು. ಕಟ್ಟಿದವರು ಹೋದ ಮೇಲೂ ಕಟ್ಟಿದ್ದು ನಡೆಯುತ್ತಿದೆ.

ಇದೆಲ್ಲ ಇಂಗ್ಲೆಂಡಿನ ಮಾತು, ನಮಗೇನು ಅನ್ನುವವರಿಗೆ ಒಂದು ಹೆಸರು ಹೇಳುತ್ತೇನೆ: ಜಿ. ಸೂರ್ಯನ್. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು. ಅಯಸ್ಕಾಂತದ ಧ್ರುವಗಳ ನಡುವೆ ಕೊಳವೆಯಲ್ಲಿ ದ್ರವ ಹರಿಸಿದರೆ, ನಿಂತ ದ್ರವಕ್ಕಿಂತ ಬೇರೆಯೇ ಸಂಕೇತ ಬರುವುದನ್ನು ಅವರು 1951ರಲ್ಲೇ ಪ್ರಕಟಿಸಿದ್ದರು. ಇವತ್ತು ಎಂಆರ್‌ಐಯಲ್ಲಿ ರಕ್ತದ ಹರಿವು ನೋಡುವ ವಿದ್ಯೆಯ ಬೇರು ಹುಡುಕಿ ಹೊರಟವರು ಆ ಲೇಖನಕ್ಕೆ ಬಂದು ಮುಟ್ಟುತ್ತಾರೆ. ನಮ್ಮ ವಿದ್ಯಾರ್ಥಿಗಳಲ್ಲಿ ಎಷ್ಟು ಮಂದಿ ಈ ಹೆಸರು ಕೇಳಿದ್ದಾರೆ? ಬೇರು ಇಲ್ಲಿತ್ತು, ಅದರ ಸುತ್ತ ಕೇಂದ್ರ ಕಟ್ಟುವವರು ಆಗ ಇರಲಿಲ್ಲ.

ಈಗ ಇದ್ದಾರೆ. ಮೈಸೂರು ವಿಶ್ವವಿದ್ಯಾಲಯದಲ್ಲಿ ಪಿಎಚ್‌.ಡಿ. ಪಡೆದ ವಿಜಯಲಕ್ಷ್ಮಿ ರವೀಂದ್ರನಾಥ್ ಮಾನೇಸರದ ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರವನ್ನೂ ಆಮೇಲೆ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದ ಮಿದುಳು ಸಂಶೋಧನಾ ಕೇಂದ್ರವನ್ನೂ ಸ್ಥಾಪಕ ನಿರ್ದೇಶಕಿಯಾಗಿ ಕಟ್ಟಿದವರು. ಈ ಎರಡನೆಯ ಕೇಂದ್ರ ಕೋಲಾರ ಜಿಲ್ಲೆಯ ಮಾವಿನ ಸೀಮೆ ಶ್ರೀನಿವಾಸಪುರದಲ್ಲಿ 45 ದಾಟಿದ 10,000 ಹಳ್ಳಿಗರನ್ನು ವರ್ಷಗಟ್ಟಲೆ ಗಮನಿಸುವ ಅಧ್ಯಯನವನ್ನು 2018ರಲ್ಲಿ ಆರಂಭಿಸಿತು. ನೆನಪಿನ ಪರೀಕ್ಷೆ, ರಕ್ತಪರೀಕ್ಷೆ, ಮಿದುಳಿನ ಎಂಆರ್‌ಐ ಎಲ್ಲ ಅದರಲ್ಲುಂಟು. ವಿಜಯಲಕ್ಷ್ಮಿಯವರ ಮೂಲ ವಿದ್ಯೆ ಜೀವರಸಾಯನಶಾಸ್ತ್ರ. ಮುನ್ನಡೆಸುವವರಿಗೆ ಎಲ್ಲವೂ ಗೊತ್ತಿರಬೇಕೆಂದಿಲ್ಲ, ಗೊತ್ತಿದ್ದವರನ್ನೆಲ್ಲ ಒಂದೇ ಪ್ರಶ್ನೆಯ ಸುತ್ತ ಕೂರಿಸಬಲ್ಲವರಾಗಿರಬೇಕು.

ಆ ಗುಂಪಿನಲ್ಲಿ ಪ್ರೊಫೆಸರುಗಳು ಮಾತ್ರ ಇರುತ್ತಾರೆಂದುಕೊಳ್ಳಬೇಡಿ. ನಮ್ಮ ಕಡೆಯ ಸ್ಕ್ಯಾನಿಂಗ್ ಕೋಣೆಯ ಬಾಗಿಲಲ್ಲಿ ಹತ್ತು ನಿಮಿಷ ನಿಂತು ನೋಡಿ. ಮೈಮೇಲಿನ ಲೋಹವನ್ನೆಲ್ಲ ತೆಗೆಯಬೇಕು ಅಂದ ಕೂಡಲೇ ಅಜ್ಜಿಯ ಕೈ ತಾಳಿಯನ್ನು ಗಟ್ಟಿಯಾಗಿ ಹಿಡಿಯುತ್ತದೆ. ‘ಅಜ್ಜೀ, ಅರಿಶಿನದ ಕೊಂಬು ಕಟ್ಟಿದ ದಾರ ಹಾಕ್ಕೊಂಡು ಹೋಗಿ, ಇದನ್ನ ಮಗಳ ಕೈಗೆ ಕೊಡಿ’ ಅನ್ನುವ ನರ್ಸಮ್ಮ ಇಲ್ಲದಿದ್ದರೆ ಕೋಟಿಗಟ್ಟಲೆ ಬೆಲೆಯ ಯಂತ್ರ ಸುಮ್ಮನೆ ಬಿದ್ದಿರುತ್ತದೆ. ಈ ಜಾಣತನವೂ ಸಂಶೋಧನೆಯ ಭಾಗವೇ.

ಹಾಗಾಗಿ ತಮ್ಮಂದಿರೇ, ತಂಗಿಯರೇ, ರ‍್ಯಾಂಕ್ ಬರಲಿ ಆಮೇಲೆ ನೋಡೋಣ ಎಂದು ಕಾಯಬೇಡಿ. ಮಾಡಬೇಕಾದ ಕೆಲಸ ರಾಶಿ ಬಿದ್ದಿದೆ. ಬೆಂಗಳೂರಿನ ವಾಕ್ಸೆಲ್‌ಗ್ರಿಡ್ಸ್ ಕಂಪನಿ ದೇಶೀಯ ಎಂಆರ್‌ಐ ಯಂತ್ರ ಕಟ್ಟಿ ತೋರಿಸಿದೆ. ತಾಲ್ಲೂಕು ಆಸ್ಪತ್ರೆಗೆ ಎಟಕುವ ಬೆಲೆಯ ಯಂತ್ರ ಇನ್ನೂ ಆಗಬೇಕು. ಅಲುಗಾಡದೆ ಮಲಗಲಾರದ ಮಕ್ಕಳಿಗೆ ಅರಿವಳಿಕೆ ಕೊಡದೆ ಚಿತ್ರ ತೆಗೆಯುವುದು ಹೇಗೆ? ಕರೆಂಟ್ ಹೋಗಿ ಬರುವ ಊರಿನಲ್ಲಿ ಇಂಥ ಯಂತ್ರ ತಾಳುವುದು ಹೇಗೆ? ರೇಡಿಯಾಲಜಿಸ್ಟ್ ಇಲ್ಲದ ಕಡೆ ಚಿತ್ರ ಓದುವವರು ಯಾರು?

ಈ ರಜೆಯಲ್ಲಿ ಹತ್ತಿರದ ಸ್ಕ್ಯಾನಿಂಗ್ ಸೆಂಟರಿಗೆ ಹೋಗಿ, ಟೆಕ್ನಿಷಿಯನ್‌ಗೆ ಬಿಡುವಾದಾಗ ಕೇಳಿ: ಯಾವುದು ನಿಮಗೆ ದಿನಾ ತಲೆನೋವು? ಅವರು ಹೇಳಿದ್ದನ್ನು ಬರೆದುಕೊಳ್ಳಿ. ಅದನ್ನು ಹಿಡಿದು ನಿಮ್ಮ ಕಾಲೇಜಿನ ಭೌತಶಾಸ್ತ್ರದ ಮೇಷ್ಟರ ಹತ್ತಿರ ಹೋಗಿ. ಅವರಿಗೆ ಪುರುಸೊತ್ತಿಲ್ಲದಿದ್ದರೆ ಪಕ್ಕದ ಕೋಣೆಯ ಬಾಗಿಲು ತಟ್ಟಿ. ಹೋಗುವಾಗ ಒಬ್ಬರೇ ಹೋಗಬೇಡಿ, ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಓದುವ ಗೆಳತಿಯನ್ನೂ ನರ್ಸಿಂಗ್ ಓದುವ ಗೆಳೆಯನನ್ನೂ ಜೊತೆಗೆ ಎಳೆದುಕೊಂಡು ಹೋಗಿ.