ಬಣ್ಣಕ್ಕೆ ಕಟ್ಟುವ ಬೆಲೆ

(ಮಹಿಳಾ ದಿನದ ಸಭೆಯೊಂದರಲ್ಲಿ ಆಡಿದ ಮಾತುಗಳು)



ನಾನು ಕಾಲೇಜಿನಲ್ಲಿ ಪಾಠ ಹೇಳಲು ಸೇರಿದ ಹೊಸತು, 1988 ಇರಬೇಕು. ಬಿ.ಎ. ಓದುತ್ತಿದ್ದ ಹುಡುಗಿಯೊಬ್ಬಳು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು ಅತ್ತಳು. "ಮಿಸ್, ನೀನು ಒಂಚೂರು ಬೆಳ್ಳಗೆ ಹುಟ್ಟಿದ್ರೆ ಒಂದೆಕರೆ ಗದ್ದೆ ಉಳೀತಿತ್ತು ಅಂತಾರೆ ಅಪ್ಪ." ಅಪ್ಪ ಕೆಟ್ಟವರೇನಲ್ಲ, ಲೆಕ್ಕ ಹೇಳಿದ್ದರು. ವರದಕ್ಷಿಣೆ ನಿಷೇಧ ಕಾಯ್ದೆ 1961ರಲ್ಲೇ ಬಂದಿತ್ತು. ಚರ್ಮದ ಬಣ್ಣಕ್ಕೆ ಇಂತಿಷ್ಟು ಎಂಬ ದರ ಮಾತ್ರ ಮನೆಮನೆಯಲ್ಲೂ ಚಾಲ್ತಿಯಲ್ಲಿತ್ತು. "ಹುಡುಗಿ ಸ್ವಲ್ಪ ಕಪ್ಪು" ಎಂದು ಗಂಡಿನ ಕಡೆಯವರು ರಾಗ ಎಳೆದರೆಂದರೆ ಚೌಕಾಸಿ ಶುರುವಾಯಿತೆಂದೇ ಅರ್ಥ.

1975ರಲ್ಲಿ ಬಂದ ಫೇರ್ ಅಂಡ್ ಲವ್ಲಿ 2020ರಲ್ಲಿ ಗ್ಲೋ ಅಂಡ್ ಲವ್ಲಿ ಆಯಿತು. ಅದೇ ವರ್ಷ ಶಾದಿ ಡಾಟ್ ಕಾಮ್, ಹೆಂಗಸರ ಪ್ರತಿಭಟನೆಯ ಮೇಲೆ, ಮೈಬಣ್ಣ ಆರಿಸುವ ಸೌಲಭ್ಯವನ್ನು ತೆಗೆಯಿತು. ಅಷ್ಟರಲ್ಲಿ ಬಿಳಿಚಿಸುವ ಕೆಲಸ ಹುಡುಗಿಯರ ಕೈಯಲ್ಲಿರುವ ಫೋನಿಗೇ ಬಂದುಬಿಟ್ಟಿತ್ತು.

ನನ್ನ ಅಣ್ಣನ ಮಗಳು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಳೆ. ಇನ್‌ಸ್ಟಾಗ್ರಾಮಿನಲ್ಲಿ ಅವಳ ಮುಖ ನನಗೇ ಗುರುತು ಸಿಗಲಿಲ್ಲ. ಕೇಳಿದರೆ, "ಅತ್ತೆ, ಎಲ್ರೂ ಫಿಲ್ಟರ್ ಹಾಕಿರೋ ಕಡೆ ನಾನೊಬ್ಳು ಹಾಕದಿದ್ರೆ ಇನ್ನೂ ಕಪ್ಪಗೆ ಕಾಣ್ತೀನಿ" ಎಂದಳು. ಅಂಥದೇ ಒಂದು ಫೋಟೋ ಗಂಡಿನ ಮನೆಗೆ ಹೋಯಿತು. ನೋಡಲು ಬಂದವರು ಉಪ್ಪಿಟ್ಟು, ಕೇಸರಿಬಾತು ತಿಂದರು. ಹುಡುಗನ ತಾಯಿ ಫೋನನ್ನು ಅವಳ ಮುಖದ ಪಕ್ಕಕ್ಕೇ ಹಿಡಿದು ನೋಡಿದರು. ಮೂರನೆಯ ದಿನ ಮಾತು ಬಂತು: "ಫೋಟೋದ ಹಾಗಿಲ್ಲ. ಕಾರು ಕೊಡೋದಾದ್ರೆ ನೋಡೋಣ." ಅಣ್ಣ ಎರಡು ದಿನ ಯೋಚಿಸಿದ. (ಓದಿದವನು, ನನ್ನ ಭಾಷಣಗಳಿಗೆ ಚಪ್ಪಾಳೆ ತಟ್ಟಿದವನು.) ಬೇಡವೆಂದವಳು ಅವಳೇ. ಆದರೂ ಈಗ ಯಾರ ಮನೆಯ ಮದುವೆಯಲ್ಲೂ ಫೋಟೋಕ್ಕೆ ನಿಲ್ಲುವುದಿಲ್ಲ.

ಇನ್ನು ನ್ಯಾಯಾಲಯ. 2023ರಲ್ಲಿ ನಮ್ಮ ಕರ್ನಾಟಕ ಹೈಕೋರ್ಟು, ಹೆಂಡತಿಯು ಗಂಡನನ್ನು ಕಪ್ಪು ಎಂದು ಹೀಯಾಳಿಸಿದ್ದು ಕ್ರೌರ್ಯವೆಂದು ಅವನಿಗೆ ವಿಚ್ಛೇದನ ನೀಡಿತು. 2025ರಲ್ಲಿ ಬಾಂಬೆ ಹೈಕೋರ್ಟು, ಹೆಂಡತಿಯ ಬಣ್ಣವನ್ನು ಆಡಿಕೊಂಡದ್ದು ಸಂಸಾರದ ಜಗಳ, 498ಎ ಹೇಳುವ ಕ್ರೌರ್ಯವಲ್ಲ ಎಂದು ಗಂಡನನ್ನು ಬಿಡುಗಡೆ ಮಾಡಿತು. ಆಕೆ 1995ರಲ್ಲೇ ಪ್ರಾಣ ಕಳೆದುಕೊಂಡಿದ್ದಳು. ಒಂದು ವಿಚ್ಛೇದನದ ದಾವೆ, ಇನ್ನೊಂದು ಕ್ರಿಮಿನಲ್ ಮೊಕದ್ದಮೆ, ಅಳತೆಗೋಲು ಬೇರೆ ಎನ್ನುತ್ತಾರೆ ವಕೀಲೆ ಗೆಳತಿಯರು. ಒಪ್ಪುತ್ತೇನೆ. ಎರಡನ್ನೂ ಒಟ್ಟಿಗೆ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ ಎಂಬುದೂ ನಿಜ.

ನಮ್ಮಲ್ಲೂ ತಪ್ಪಿದೆ. ನೊಂದವಳು ಬಂದು "ಕರಿಮೂತಿ ಅಂತಾರೆ" ಎಂದರೆ ನಾವು "ಹೊಡೆದರೇನಮ್ಮಾ?" ಎಂದು ಕೇಳುತ್ತೇವೆ, ಮೊದಲಿನ ಮಾತನ್ನು ಬರೆದುಕೊಳ್ಳುವುದಿಲ್ಲ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆ ಹೀಯಾಳಿಕೆ, ಅವಮಾನಗಳನ್ನೂ ದೌರ್ಜನ್ಯವೆಂದೇ ಹೆಸರಿಸಿದೆ. ಆದ್ದರಿಂದ ಬರೆದುಕೊಳ್ಳಿ: ಯಾರು ಅಂದರು, ಎಂದು ಅಂದರು, ಅಂದ ಮೇಲೆ ಏನು ಕೇಳಿದರು. ವಾಟ್ಸಾಪಿನಲ್ಲಿ ಬಂದ ಮಾತಾದರೆ, ಎಷ್ಟೇ ನಾಚಿಕೆಯಾದರೂ ಅಳಿಸಬೇಡ ಎಂದು ಅವಳಿಗೆ ಹೇಳಿ.